ಹೊರಗೆ ಹೋದವನೂ ನಮ್ಮವನೇ

ಆಕ್ಲೆಂಡಿನ ಪೂರ್ವಕ್ಕಿರುವ ನಮ್ಮ ಬಾಟನಿ ಡೌನ್ಸ್‌ನಲ್ಲಿ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಬಿಸಿಬೇಳೆಬಾತು ಮುಗಿಯುವುದರೊಳಗೆ ಮಾತು ರಗ್ಬಿಗೆ ಬಂದು ನಿಲ್ಲುತ್ತದೆ. ಊರಿನಲ್ಲಿರುವವರಿಗೆ ಇದು ವಿಚಿತ್ರವೆನಿಸಬಹುದು. ಬಂದ ಹೊಸದರಲ್ಲಿ ನಾವೂ ಆ ಮೊಟ್ಟೆಯಾಕಾರದ ಚೆಂಡನ್ನು ಕಂಡು ನಕ್ಕವರೇ. ಆದರೆ ಮಕ್ಕಳು ಶಾಲೆಯಲ್ಲಿ ಅದನ್ನೇ ಆಡುತ್ತಾರೆ, ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಬೇರೆ ಮಾತೇ ಇರುವುದಿಲ್ಲ. ಈಗ ಆಲ್ ಬ್ಲ್ಯಾಕ್ಸ್ ಸೋತರೆ ಆರ್‌ಸಿಬಿ ಸೋತಷ್ಟೇ ಹೊಟ್ಟೆ ಉರಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಉಪ್ಪು ತಿಂದ ಮನೆಯ ಸುಖದುಃಖ ನಮ್ಮದೂ ಆಗಬೇಕಾದದ್ದೇ.

ನನ್ನ ತಕರಾರು ಇರುವುದು ಆ ಚರ್ಚೆ ಹೋಗುವ ದಾರಿಯ ಬಗ್ಗೆ. 2025ರ ಕೊನೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಈ ವರ್ಷವೆಲ್ಲ ನಮ್ಮ ಜಗಳ ಎರಡೇ ವಿಷಯಗಳ ಸುತ್ತ ತಿರುಗಿದೆ: ಚೆಂಡು ಯಾರು ಹಿಡಿಯಬೇಕು, ಕೋಚ್ ಯಾಕೆ ಅವನನ್ನೇ ಆರಿಸಿದ. ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳಬೇಕಾದವರು ಎಲ್ಲರಿಗಿಂತ ಮೊದಲು ನಾವು, ಊರು ಬಿಟ್ಟು ಬಂದವರು. ಅದನ್ನು ನಾವೇ ಕೇಳುತ್ತಿಲ್ಲ.

ರಗ್ಬಿ ನೋಡದವರಿಗಾಗಿ ಎರಡು ಮಾತು. ಹದಿನೈದು ಜನರ ತಂಡದಲ್ಲಿ ಇಬ್ಬರು ಚೆಂಡು ಪಡೆಯುವವರಲ್ಲಿ ಮುಖ್ಯರು. 10ನೇ ಅಂಗಿಯವನನ್ನು ‘ಫಸ್ಟ್ ರಿಸೀವರ್’ ಎನ್ನುತ್ತಾರೆ. ಗುಂಪಿನಿಂದ ಹೊರಬಂದ ಚೆಂಡು ಸಾಮಾನ್ಯವಾಗಿ ಮೊದಲು ಅವನ ಕೈಗೆ ಹೋಗುತ್ತದೆ. ಓಡಬೇಕೋ, ಒದೆಯಬೇಕೋ, ದಾಟಿಸಬೇಕೋ ಎಂದು ಅರೆಗಳಿಗೆಯಲ್ಲಿ ತೀರ್ಮಾನಿಸುವವನು ಅವನೇ. 15ನೇ ಅಂಗಿಯವನು ಫುಲ್‌ಬ್ಯಾಕ್. ಎದುರಾಳಿ ಆಕಾಶಕ್ಕೆ ಒದ್ದ ಚೆಂಡನ್ನು, ಮೈಮೇಲೆ ಬಂದು ಬೀಳುವವರ ನಡುವೆ ನೆಗೆದು ಹಿಡಿಯುವ ಕೆಲಸ ಅವನದು. 2024ರ ಕೊನೆಯಿಂದ ಆ ಕೆಲಸ ಇನ್ನಷ್ಟು ಕಷ್ಟವಾಗಿದೆ. ಚೆಂಡು ಹಿಡಿಯುವವನ ಮುಂದೆ ಅವನದೇ ತಂಡದವರು ಗೋಡೆಯಂತೆ ಓಡಿ ಕಾಯುವುದನ್ನು ರೆಫರಿಗಳು ಬಿಗಿಯಾಗಿ ತಡೆಯತೊಡಗಿದ್ದಾರೆ. ಎಲ್ಲ ತಂಡಗಳೂ ಚೆಂಡನ್ನು ಮೇಲಕ್ಕೇ ಒದೆಯುತ್ತಿವೆ.

ಹಾಗಾಗಿ ಜಗಳ ಜೋರಾಗಿದೆ. ವಿಲ್ ಜೋರ್ಡನ್ ಫುಲ್‌ಬ್ಯಾಕ್ ಆಗಿರಬೇಕೆ, ರೆಕ್ಕೆಯಲ್ಲಿರಬೇಕೆ? 1.96 ಮೀಟರ್ ಎತ್ತರದ ಜೋರ್ಡಿ ಬ್ಯಾರೆಟ್ ಅವರನ್ನು ಮಧ್ಯದಲ್ಲಿ ನಿಲ್ಲಿಸಿ ವ್ಯರ್ಥ ಮಾಡುತ್ತಿಲ್ಲವೆ? 1.77 ಮೀಟರಿನ ಡೇಮಿಯನ್ ಮೆಕೆಂಜಿ ಹಿಂದೆ ನಿಂತರೆ ಗತಿಯೇನು? 10ಕ್ಕೆ ಮೆಕೆಂಜಿಯೋ, ಬೋಡನ್ ಬ್ಯಾರೆಟ್ಟೋ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಬ್ಬೊಬ್ಬರದು ಒಂದೊಂದು ದಿಕ್ಕು. ಕೊನೆಗೆ ಎಲ್ಲರೂ ಸೇರುವುದು ಕೋಚ್ ಸ್ಕಾಟ್ ರಾಬರ್ಟ್‌ಸನ್ ಅವರನ್ನು ಬೈಯುವ ಜಾಗದಲ್ಲಿ.

ಬೈಯಲು ಕಾರಣಗಳಿವೆ. ಸೆಪ್ಟೆಂಬರ್ 6ರಂದು ಈಡನ್ ಪಾರ್ಕಿನಲ್ಲಿ ದಕ್ಷಿಣ ಆಫ್ರಿಕಾವನ್ನು 24-17ರಿಂದ ಸೋಲಿಸಿದ ತಂಡ ಒಂದೇ ವಾರದ ಮೇಲೆ ವೆಲ್ಲಿಂಗ್ಟನ್ನಿನಲ್ಲಿ ಅದೇ ತಂಡಕ್ಕೆ 43-10ರಿಂದ ಸೋತಿತು. ಆಲ್ ಬ್ಲ್ಯಾಕ್ಸ್ ಚರಿತ್ರೆಯಲ್ಲಿ ಅಷ್ಟು ದೊಡ್ಡ ಅಂತರದ ಸೋಲು ಇನ್ನೊಂದಿಲ್ಲ. ಆಗಸ್ಟಿನಲ್ಲಿ ಅರ್ಜೆಂಟೀನಾದ ನೆಲದಲ್ಲಿ ಮೊದಲ ಬಾರಿಗೆ ಸೋತಿತ್ತು. ನವೆಂಬರಿನಲ್ಲಿ ಇಂಗ್ಲೆಂಡ್ 33-19ರಿಂದ ಸೋಲಿಸಿತು. ಇದಕ್ಕೆ ಹಿಂದಿನ ಕೋಚ್ ಇಯಾನ್ ಫಾಸ್ಟರ್ ಕಾಲದಲ್ಲೂ ಹೀಗೇ ಬೈದಿದ್ದೆವು. 2022ರಲ್ಲಿ ಐರ್ಲೆಂಡ್ ಇಲ್ಲಿಗೇ ಬಂದು ಸರಣಿ ಗೆದ್ದಾಗ ಅವರ ಇಬ್ಬರು ಸಹಾಯಕರನ್ನು ಮನೆಗೆ ಕಳಿಸಿದರು. 2023ರ ಮಾರ್ಚಿನಲ್ಲಿ, ವಿಶ್ವಕಪ್ಪಿಗೆ ಆರು ತಿಂಗಳಿರುವಾಗಲೇ, ಮುಂದಿನ ಕೋಚ್ ಯಾರೆಂದು ಘೋಷಿಸಿದರು. ಅದೇ ಫಾಸ್ಟರ್ ತಂಡವನ್ನು ಫೈನಲ್ಲಿಗೆ ಒಯ್ದು ಒಂದೇ ಅಂಕದಿಂದ ಸೋತರು.

ಕೋಚ್ ಬದಲಾದರು, ಸಹಾಯಕರು ಬದಲಾದರು, 10 ಮತ್ತು 15ನೇ ಅಂಗಿಯೊಳಗಿನ ಹುಡುಗರು ಬದಲಾದರು. ಬದಲಾಗದೆ ಉಳಿದದ್ದು ಒಂದು ನಿಯಮ. ನ್ಯೂಜಿಲೆಂಡ್ ರಗ್ಬಿ ಮಂಡಳಿಯ ಗುತ್ತಿಗೆಯಲ್ಲಿದ್ದು ಇಲ್ಲಿಯ ಟೂರ್ನಿಗಳಲ್ಲಿ ಆಡುವವನನ್ನು ಮಾತ್ರ ಆಲ್ ಬ್ಲ್ಯಾಕ್ಸ್‌ಗೆ ಆರಿಸಬಹುದು. ಸಂಪಾದನೆಗೆಂದು ಜಪಾನಿಗೋ ಫ್ರಾನ್ಸಿಗೋ ಹೋದವನ ಹೆಸರು ಪಟ್ಟಿಯಿಂದ ಹೋಯಿತು. ಅವನ ಆಟ ಎಷ್ಟೇ ಚೆನ್ನಾಗಿರಲಿ, ಲೆಕ್ಕಕ್ಕಿಲ್ಲ.

ನಾನು ಲೆಕ್ಕ ಪರಿಶೀಲಿಸಿ ಬದುಕುವವನು. ಆಡಿಟರ್ ಮುಂದೆ ಅರ್ಧ ಲೆಡ್ಜರುಗಳನ್ನು ಇಟ್ಟು ಉಳಿದರ್ಧಕ್ಕೆ ಬೀಗ ಹಾಕಿದರೆ ಅವನು ವರದಿಯಲ್ಲಿ ಮೊದಲು ಬರೆಯಬೇಕಾದದ್ದು ಆ ಬೀಗದ ವಿಷಯವನ್ನು. ನಮ್ಮ ಅಭಿಮಾನಿಗಳು ಬೀಗದ ಸುದ್ದಿ ಎತ್ತದೆ ಗುಮಾಸ್ತನ ಕೂಡು-ಕಳೆಯಲ್ಲಿ ತಪ್ಪು ಹುಡುಕುತ್ತಿದ್ದಾರೆ.

ಬೀಗದ ಹಿಂದೆ ಇದ್ದವರು ಯಾರು? ರಿಚೀ ಮೊಉಂಗಾ. 2018ರಿಂದ 2023ರವರೆಗೆ 56 ಟೆಸ್ಟ್ ಆಡಿದ 10ನೇ ಅಂಗಿಯವರು. ರಾಬರ್ಟ್‌ಸನ್ ಕೋಚ್ ಆಗಿದ್ದ ಕ್ರುಸೇಡರ್ಸ್ 2017ರಿಂದ 2023ರವರೆಗೆ ಸತತ ಏಳು ವರ್ಷ ಪ್ರಶಸ್ತಿ ಗೆದ್ದಾಗ ಆಟ ನಡೆಸಿದ್ದು ಇವರೇ. 2023ರ ವಿಶ್ವಕಪ್ ಮುಗಿದ ಮೇಲೆ ಜಪಾನಿನ ತೋಷಿಬಾ ಬ್ರೇವ್ ಲೂಪಸ್ ಸೇರಿದರು. ಆ ತಂಡ 2024, 2025 ಎರಡೂ ವರ್ಷ ಅಲ್ಲಿಯ ಲೀಗ್ ಗೆದ್ದಿತು. ರಾಬರ್ಟ್‌ಸನ್ ರಾಷ್ಟ್ರೀಯ ತಂಡಕ್ಕೆ ಬಂದ ದಿನವೇ ತನ್ನ ಏಳು ವರ್ಷದ ಬಲಗೈ ಕಳೆದುಕೊಂಡಿದ್ದರು. ನಿಯಮ ಸ್ವಲ್ಪ ಸಡಿಲಿಸಿ ಎಂದು ಬಹಿರಂಗವಾಗಿಯೇ ಕೇಳಿದರು. ಮಂಡಳಿ ಒಪ್ಪಲಿಲ್ಲ. ನಾವೋ, “10ಕ್ಕೆ ಸರಿಯಾದವನನ್ನು ಹುಡುಕಲು ಈ ಮನುಷ್ಯನಿಗೆ ಬರುವುದಿಲ್ಲ” ಎಂದು ಹಪ್ಪಳ ಮುರಿಯುತ್ತಾ ತೀರ್ಪು ಕೊಟ್ಟೆವು.

ಈ ಮಾತು ಎತ್ತಿದರೆ ನಮ್ಮವರಿಂದ ಬರುವ ಉತ್ತರ ಒಂದೇ: “ಅವನು ದುಡ್ಡಿಗೆ ಹೋದ ಗುರು. ಹೋದವನು ಹೋದ. ಈಗೇನು ಅವನ ಮಾತು?”

ಹೇಳುವವರು ಯಾರು ಸ್ವಾಮಿ? ಹಾಸನ, ಮೈಸೂರು, ದಾವಣಗೆರೆ, ಬಸವನಗುಡಿಗಳಿಂದ ಹನ್ನೊಂದು ಸಾವಿರ ಕಿಲೋಮೀಟರಿಗೂ ದೂರ ಬಂದು ಟಿ ರಾಕೌ ಡ್ರೈವ್‌ನ ಆಸುಪಾಸಿನಲ್ಲಿ ಮನೆ ಸಾಲ ಕಟ್ಟುತ್ತಿರುವವರು. ನಾವು ತಪಸ್ಸಿಗೆ ಬಂದೆವೆ? ಸಂಬಳಕ್ಕೆ ಬಂದೆವು, ಮಕ್ಕಳ ಓದಿಗೆ ಬಂದೆವು, ಟ್ರಾಫಿಕ್ಕಿಲ್ಲದ ಬೆಳಗಿಗೆ ಬಂದೆವು. ಬಂದದ್ದಕ್ಕೆ ನಾಚಿಕೆಪಡಬೇಕಾಗಿಲ್ಲ. ಆದರೆ ಅದೇ ಕೆಲಸವನ್ನು ಇನ್ನೊಬ್ಬ ಮಾಡಿದಾಗ ಅದು ದ್ರೋಹವಾಗುವುದು ಹೇಗೆ? ರಗ್ಬಿ ಆಟಗಾರನ ದುಡಿಮೆಯ ಕಾಲ ಹತ್ತು ಹನ್ನೆರಡು ವರ್ಷ. ಮೊಣಕಾಲು ಯಾವತ್ತು ಕೈಕೊಡುತ್ತದೋ ಗೊತ್ತಿಲ್ಲ. ಅರವತ್ತರವರೆಗೆ ಕುರ್ಚಿಯಲ್ಲಿ ಕುಳಿತು ದುಡಿಯುವ ನಾವು ಅವನಿಗೆ ವೈರಾಗ್ಯ ಬೋಧಿಸುವುದು ಚೆನ್ನಾಗಿಲ್ಲ.

ಹೊರಗೆ ಹೋಗುವುದೇ ತಪ್ಪೆಂದು ಮಂಡಳಿಯಾದರೂ ನಂಬುತ್ತದೆಯೆ? ಅದೂ ಇಲ್ಲ. 2008ರಲ್ಲಿ ಡಾನ್ ಕಾರ್ಟರ್ ಫ್ರಾನ್ಸಿನ ಪೆರ್ಪಿನ್ಯಾ ಕ್ಲಬ್ಬಿಗೆ ಆಡಲು ಹೋದರು. ಬೋಡನ್ ಬ್ಯಾರೆಟ್ ಎರಡು ಸಲ ಜಪಾನಿಗೆ ಹೋಗಿ ಬಂದರು. ಆರ್ಡೀ ಸವೆಯಾ ಕೋಬೆಗೆ ಹೋದರು. ಜೋರ್ಡಿ ಬ್ಯಾರೆಟ್ ಐರ್ಲೆಂಡಿನ ಲೆನ್‌ಸ್ಟರ್‌ಗೆ ಆಡಿ ಬಂದರು. ಇವರೆಲ್ಲ ಮಂಡಳಿಯ ಗುತ್ತಿಗೆ ಉಳಿಸಿಕೊಂಡು, ‘ಸಬ್ಯಾಟಿಕಲ್’ ಎಂಬ ಕಾಗದ ಹಿಡಿದು ಹೋದವರು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಡೆಪ್ಯುಟೇಶನ್ ಎನ್ನುತ್ತಾರೆ. ಮೈದಾನ ಅದೇ, ಲೀಗ್ ಅದೇ, ಯೆನ್ನೂ ಅದೇ. ಶಂಖದಿಂದ ಬಂದರೆ ತೀರ್ಥ, ಇಲ್ಲದಿದ್ದರೆ ಬರೀ ನೀರು.

ಕೋಚ್‌ಗಳ ವಿಷಯಕ್ಕೆ ಬಂದರೆ ಇನ್ನೂ ಸೋಜಿಗ. 2011ರ ವಿಶ್ವಕಪ್ ಗೆಲ್ಲಿಸಿದ ಗ್ರಹಾಂ ಹೆನ್ರಿ, 2015ರದ್ದು ಗೆಲ್ಲಿಸಿದ ಸ್ಟೀವ್ ಹ್ಯಾನ್ಸನ್ ಇಬ್ಬರೂ ಮೊದಲು ವೇಲ್ಸ್ ತಂಡದ ಕೋಚ್ ಆಗಿದ್ದವರು. ಐರ್ಲೆಂಡನ್ನು ಕಟ್ಟಿ ಬೆಳೆಸಿದ ಜೋ ಸ್ಮಿತ್ ಅವರನ್ನು 2022ರಲ್ಲಿ ಸಂಕಟ ಬಂದಾಗ ಕರೆದು ಕೂರಿಸಿಕೊಂಡರು. ಕೋಚ್ ಹೊರಗೆ ದುಡಿದರೆ ಅದು ಅನುಭವ, ಆಟಗಾರ ದುಡಿದರೆ ಅನರ್ಹತೆ. ಬಂಡವಾಳಕ್ಕಂತೂ ಗಡಿಯೇ ಇಲ್ಲ. 2022ರಲ್ಲಿ ಅಮೆರಿಕದ ಸಿಲ್ವರ್ ಲೇಕ್ ಎಂಬ ಹೂಡಿಕೆ ಸಂಸ್ಥೆ 20 ಕೋಟಿ ನ್ಯೂಜಿಲೆಂಡ್ ಡಾಲರ್ ಹಾಕಿ ಮಂಡಳಿಯ ವ್ಯಾಪಾರದಲ್ಲಿ ಪಾಲು ಪಡೆಯಿತು. ಹೊರಗಿನ ಹಣ ಒಳಗೆ ಬರಬಹುದು, ಹೊರಗಿನ ಕೋಚಿಂಗ್ ಅನುಭವ ಒಳಗೆ ಬರಬಹುದು. ಹೊರಗೆ ಆಡುತ್ತಿರುವ ನಮ್ಮವನು ಮಾತ್ರ ಬಾಗಿಲಲ್ಲೇ ನಿಲ್ಲಬೇಕು.

ಈಗ ದಕ್ಷಿಣ ಆಫ್ರಿಕಾದ ಲೆಕ್ಕ ನೋಡೋಣ. ಅವರಲ್ಲೂ 2017ರಲ್ಲಿ, 30 ಟೆಸ್ಟ್ ಆಡದವನು ಹೊರದೇಶದಲ್ಲಿದ್ದರೆ ಆರಿಸುವಂತಿಲ್ಲ ಎಂಬ ನಿಯಮವಿತ್ತು. ಮರುವರ್ಷ ರಾಸಿ ಎರಾಸ್ಮಸ್ ಕೋಚ್ ಆಗಿ ಬಂದರು, ನಿಯಮ ಸಡಿಲವಾಗಿ ಕೊನೆಗೆ ಬಿದ್ದೇ ಹೋಯಿತು. 2019ರ ಫೈನಲ್‌ನಲ್ಲಿ ಟ್ರೈ ಹೊಡೆದ ಚೆಸ್ಲಿನ್ ಕೋಲ್ಬೆ ಆಗ ಫ್ರಾನ್ಸಿನ ಟುಲೂಸ್ ಆಟಗಾರ. 2023ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನಲ್ಲಿ ನಮ್ಮನ್ನು 12-11ರಿಂದ ಸೋಲಿಸಿದರಲ್ಲ, ಆ ಹನ್ನೆರಡೂ ಅಂಕ ಹ್ಯಾಂಡ್ರೆ ಪೊಲಾರ್ಡ್ ಅವರ ಕಾಲಿನಿಂದ ಬಂದದ್ದು. ಅವರು ಆಗ ಇಂಗ್ಲೆಂಡಿನ ಲೆಸ್ಟರ್ ಟೈಗರ್ಸ್‌ನವರು. ಗಾಯಗೊಂಡವರ ಬದಲಿಗೆ ಟೂರ್ನಿಯ ನಡುವೆ ಕರೆಸಿಕೊಂಡದ್ದು. ಆ ಪಂದ್ಯದ ಶ್ರೇಷ್ಠ ಆಟಗಾರ ಪೀಟರ್-ಸ್ಟೆಫ್ ಡು ಟೊಯ್ಟ್ ಜಪಾನಿನಲ್ಲಿ ಆಡುತ್ತಿದ್ದವರು. ಈ ಸೆಪ್ಟೆಂಬರಿನಲ್ಲಿ ವೆಲ್ಲಿಂಗ್ಟನ್ನಿನಲ್ಲಿ ನಮ್ಮ ಮೇಲೆ ಎರಡು ಟ್ರೈ ಹೊಡೆದ ಕೋಲ್ಬೆಯೂ ಈಗ ಜಪಾನಿನ ಸಂಟೋರಿಯ ಆಟಗಾರ. ಮೆಕೆಂಜಿಗಿಂತಲೂ ಕುಳ್ಳ ಮನುಷ್ಯ, ಮೇಲೆ ಹೋದ ಚೆಂಡಿಗೆ ನೆಗೆದರೆ ದೈತ್ಯರ ಕೈಯಿಂದ ಕಿತ್ತು ತರುತ್ತಾನೆ. ಎತ್ತರದ ಬಗ್ಗೆ ಗಂಟೆಗಟ್ಟಲೆ ವಾದಿಸುವ ನಮ್ಮವರು ಇದನ್ನೂ ಸ್ವಲ್ಪ ಗಮನಿಸಲಿ.

ಎದುರು ವಾದ ಗಟ್ಟಿಯಾಗಿಯೇ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಬಾಗಿಲು ತೆರೆದರೆ ಎಲ್ಲರೂ ಹೋಗುತ್ತಾರೆ, ಸೂಪರ್ ರಗ್ಬಿ ಬರಿದಾಗುತ್ತದೆ, ಟಿವಿ ಹಕ್ಕಿನ ಬೆಲೆ ಬೀಳುತ್ತದೆ, ಊರೂರಿನ ಕ್ಲಬ್ಬಿಗೆ ಹೋಗುವ ಹಣ ನಿಲ್ಲುತ್ತದೆ ಎನ್ನುತ್ತಾರೆ. ಐವತ್ತು ಲಕ್ಷ ದಾಟಿದ ಜನಸಂಖ್ಯೆಯ ಪುಟ್ಟ ದೇಶಕ್ಕೆ ಆ ಭಯ ಸಹಜ. ಆದ್ದರಿಂದಲೇ ಬಾಗಿಲು ಕಿತ್ತೆಸೆಯಿರಿ ಎಂದು ನಾನು ಹೇಳುತ್ತಿಲ್ಲ. 2015ರಲ್ಲಿ ಆಸ್ಟ್ರೇಲಿಯಾ ಒಂದು ನಡುದಾರಿ ಹುಡುಕಿತು: 60 ಟೆಸ್ಟ್ ಆಡಿ, ದೇಶದಲ್ಲಿ ಏಳು ವರ್ಷ ದುಡಿದವನು ಹೊರಗಿದ್ದರೂ ಆರಿಸಬಹುದು. ಆ ವರ್ಷವೇ ಮ್ಯಾಟ್ ಗಿಟೊ ಮತ್ತು ಡ್ರೂ ಮಿಚೆಲ್ ಫ್ರಾನ್ಸಿನಿಂದ ಬಂದು ಫೈನಲ್ಲಿನಲ್ಲಿ ಆಡಿದರು. ನಮ್ಮ ದೇಶದಲ್ಲಿ 2025ರವರೆಗೆ ಜಾರಿಯಲ್ಲಿದ್ದ ಗ್ರಾಚ್ಯುಟಿ ಕಾಯ್ದೆ 1972ರದ್ದು. ಐದು ವರ್ಷ ನಿರಂತರ ದುಡಿದವನಿಗೆ, ಅವನು ತಾನಾಗಿ ರಾಜೀನಾಮೆ ಕೊಟ್ಟು ಹೋದರೂ, ಸಲ್ಲಬೇಕಾದದ್ದು ಸಲ್ಲುತ್ತದೆ. ಬಿಟ್ಟುಹೋದ ಎಂಬ ಸಿಟ್ಟಿನಿಂದ ಮಾಡಿದ ಸೇವೆಯನ್ನು ಅಳಿಸಿಹಾಕುವ ಹಕ್ಕು ಮಾಲೀಕನಿಗಿಲ್ಲ. ರಗ್ಬಿಗೂ ಅಷ್ಟು ಸಾಕು. ಐದು ವರ್ಷ ಇಲ್ಲಿ ಆಡಿದವನು ಆಮೇಲೆ ಎಲ್ಲಿ ದುಡಿದರೂ ಆಯ್ಕೆಗೆ ಅರ್ಹ ಎಂದು ಬರೆಯಲಿ. ಇಪ್ಪತ್ತರ ಹುಡುಗರು ಓಡಿಹೋಗುವುದೂ ತಪ್ಪುತ್ತದೆ, ಮೊಉಂಗಾನಂಥವರು ಕಳೆದುಹೋಗುವುದೂ ತಪ್ಪುತ್ತದೆ.

ಅಂದಹಾಗೆ ಮೊಉಂಗಾ 2026ರಲ್ಲಿ ಮರಳಿ ಬರುವ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಸುದ್ದಿ ಬಂದ ದಿನ “ಹೋದವನು ಹೋದ” ಎಂದವರೇ ಸಿಹಿ ಹಂಚುವಷ್ಟು ಸಂತೋಷಪಟ್ಟರು. ಹೊರಗಿದ್ದಷ್ಟು ಕಾಲ ಅವನ ಆಟ ಆಟವೇ ಅಲ್ಲವಾಗಿದ್ದರೆ ಈಗ ಈ ಕಾತರವೇಕೆ? ಇನ್ನೂ ಆದಾಯ ತರುತ್ತಿರುವ ಆಸ್ತಿಯನ್ನು ಪುಸ್ತಕದಲ್ಲಿ ರೈಟ್ ಆಫ್ ಮಾಡಿ, ಮೂರು ವರ್ಷದ ಮೇಲೆ ಅದೇ ಆಸ್ತಿ ಸಿಕ್ಕಿತೆಂದು ಹಬ್ಬ ಮಾಡುವ ಕಂಪನಿಯ ಲೆಕ್ಕಕ್ಕೆ ಯಾವ ಆಡಿಟರೂ ಸುಮ್ಮನೆ ಸಹಿ ಹಾಕುವುದಿಲ್ಲ.

ಊರಿನಲ್ಲಿ ಓದುತ್ತಿರುವವರು ‘ಇದು ನಿಮ್ಮ ರಗ್ಬಿಯ ಕಥೆ, ನಮಗೇನು’ ಎಂದುಕೊಳ್ಳಬೇಡಿ. ಕರುಣ್ ನಾಯರ್ ಅವರನ್ನು ನೆನಪಿಸಿಕೊಳ್ಳಿ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದಾಗ ನಮ್ಮ ಹುಡುಗನೆಂದು ಕುಣಿದೆವು. 2022ರಲ್ಲಿ ಕರ್ನಾಟಕ ತಂಡದಲ್ಲೇ ಜಾಗ ಹೋಯಿತು. ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಐದು ಶತಕಗಳೊಂದಿಗೆ 779 ರನ್, ರಣಜಿಯಲ್ಲಿ 863 ರನ್, ಫೈನಲ್ಲಿನಲ್ಲಿ ಶತಕ, ವಿದರ್ಭಕ್ಕೆ ಟ್ರೋಫಿ. ಕರ್ನಾಟಕ ಕೊನೆಯ ಬಾರಿ ರಣಜಿ ಗೆದ್ದದ್ದು 2014-15ರಲ್ಲಿ. ವಿದರ್ಭದಲ್ಲಿ ಹೊಡೆದ ರನ್ನುಗಳನ್ನು ಭಾರತದ ಆಯ್ಕೆಗಾರರು ರನ್ನುಗಳೆಂದೇ ಎಣಿಸಿ 2025ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದರು. ಆಮೇಲೆ ಅವರು ಕರ್ನಾಟಕಕ್ಕೂ ಮರಳಿದರು. ಒಳ್ಳೆಯದೇ. ಆದರೆ ನಡುವಿನ ಆ ಎರಡು ಋತು ನಮ್ಮ ಚರ್ಚೆಗಳಲ್ಲಿ ಅವರ ಹೆಸರು ಎಷ್ಟು ಸಲ ಬಂತು?

ಇನ್ನೊಂದು ಕಡೆ ನೋಡಿ. ವೆಲ್ಲಿಂಗ್ಟನ್ನಿನಲ್ಲಿ ಹುಟ್ಟಿ ಅಲ್ಲೇ ಕ್ರಿಕೆಟ್ ಕಲಿತ ರಚಿನ್ ರವೀಂದ್ರ 2024ರ ಅಕ್ಟೋಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ವಿರುದ್ಧ 134 ಹೊಡೆದರು. ತಂದೆತಾಯಿ ಬೆಂಗಳೂರಿನವರೆಂಬ ಒಂದೇ ಕಾರಣಕ್ಕೆ ಊರಿಗೆ ಊರೇ ‘ನಮ್ಮ ಹುಡುಗ’ ಎಂದಿತು. ನಾನೂ ಎಂದೆ, ಇನ್ನೂ ಎನ್ನುತ್ತೇನೆ. ಹುಟ್ಟಿನಿಂದಲೇ ಹೊರಗಿದ್ದವನು ನಮ್ಮವನು, ಒಳಗೆ ಬೆಳೆದು ದುಡಿಮೆಗೆ ಹೊರಗೆ ಹೋದವನು ಪರಕೀಯ. ಈ ಜಮಾ-ಖರ್ಚು ಎಲ್ಲಿ ತಾಳೆಯಾಗುತ್ತದೆ?

ಈ ನಿಯಮ ಆಟದ ಮೈದಾನದಲ್ಲಿ ಮಾತ್ರ ಇದ್ದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಬಿ.ಕಾಂ., ಸಿ.ಎ. ಮುಗಿಸಿ, ಬೆಂಗಳೂರಿನಲ್ಲಿ ಎಂಟು ವರ್ಷ ಬ್ಯಾಂಕು, ಕಾರ್ಖಾನೆಗಳ ಲೆಕ್ಕ ನೋಡಿ ಇಲ್ಲಿಗೆ ಬಂದೆ. ಮೊದಲ ಏಳು ತಿಂಗಳು ಹೋದ ಕಡೆಯೆಲ್ಲ ಒಂದೇ ಮಾತು: “ನಿಮಗೆ ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲವಲ್ಲ.” ಡೆಬಿಟ್ಟು ಅಲ್ಲೂ ಡೆಬಿಟ್ಟೇ, ಇಲ್ಲೂ ಡೆಬಿಟ್ಟೇ. ಆದರೂ ಬೇಲಿಯಾಚೆ ಮಾಡಿದ ಕೆಲಸ ಕೆಲಸವಲ್ಲ. ಈ ಮಾತನ್ನು ಕೇಳದ ವಲಸಿಗ ಬಾಟನಿ ಡೌನ್ಸ್‌ನಲ್ಲಿ ಅಪರೂಪ. ಡಾಕ್ಟರುಗಳು, ಎಂಜಿನಿಯರುಗಳು, ಮೇಷ್ಟ್ರುಗಳು ಎಲ್ಲರೂ ಕೇಳಿದ್ದಾರೆ, ಕೇಳಿ ನೊಂದಿದ್ದಾರೆ. ನೊಂದವರೇ ಈಗ ಇನ್ನೊಬ್ಬನಿಗೆ ಅದೇ ಮಾತು ಹೇಳುತ್ತಿದ್ದಾರೆ. ಅತ್ತೆಯಿಂದ ಪಟ್ಟ ಕಷ್ಟವನ್ನು ಸೊಸೆಗೆ ದಾಟಿಸುವ ಹಳೆಯ ಚಾಳಿ ಇದು.

ಬಿಟ್ಟುಬಂದ ಕಡೆಯ ಬಾಗಿಲೂ ಹಾಗೆಯೇ. ನ್ಯೂಜಿಲೆಂಡ್ ತನ್ನ ಪ್ರಜೆ ಇನ್ನೊಂದು ದೇಶದ ಪ್ರಜೆಯೂ ಆಗಿರಲು ಬಿಡುತ್ತದೆ. ಭಾರತ ಬಿಡುವುದಿಲ್ಲ. ಇಲ್ಲಿಯ ಪೌರತ್ವ ತೆಗೆದುಕೊಂಡ ದಿನ ನಮ್ಮ ನೀಲಿ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು. ಬದಲಿಗೆ ಸಿಗುವ ಓಸಿಐ ಕಾರ್ಡಿನಲ್ಲಿ ಓಡಾಡಬಹುದು, ಸೈಟು ಕೊಳ್ಳಬಹುದು. ಮತ ಹಾಕುವಂತಿಲ್ಲ, ಅಜ್ಜ ಉತ್ತ ಹೊಲದ ಪಕ್ಕದ ಹೊಲ ಕೊಳ್ಳುವಂತಿಲ್ಲ. ದೇಶಕ್ಕೆ ಅದರದೇ ಕಾರಣಗಳಿರಬಹುದು, ಅದನ್ನು ಚರ್ಚಿಸುವ ಜಾಗ ಇದಲ್ಲ. ಆದರೆ ಊರಿಗೆ ಹೋದಾಗ ರಸ್ತೆಯ ಬಗ್ಗೆಯೋ ಕನ್ನಡ ಶಾಲೆ ಮುಚ್ಚುವ ಬಗ್ಗೆಯೋ ಒಂದು ಮಾತಾಡಿದರೆ, “ಬಿಟ್ಟು ಹೋದವರು ನೀವು, ನಿಮಗೇಕೆ?” ಎಂದು ಸ್ವಂತ ಚಿಕ್ಕಪ್ಪನೇ ಕೇಳುತ್ತಾರಲ್ಲ, ಆಗ ಎದೆಯಲ್ಲಿ ಏನೋ ಚುಚ್ಚುತ್ತದೆ. ಅದು ನಿಮಗೂ ಚುಚ್ಚಿದೆ. ಮೊಉಂಗಾಗೆ ನಾವು ಹೇಳುತ್ತಿರುವುದು ಚಿಕ್ಕಪ್ಪನ ಆ ಮಾತನ್ನೇ.

ಈ ಸಂಕಲನದ ಹೆಸರಿನ ಪಕ್ಕದಲ್ಲೇ ‘ಹೊರನಾಡಿನ ಬರಹಗಾರರು’ ಎಂದಿರುತ್ತದೆ. ಪ್ರೀತಿಯಿಂದ ಹಾಕಿದ ಎಲೆ ಇದು, ಕೃತಜ್ಞತೆಯಿಂದಲೇ ಕುಳಿತಿದ್ದೇನೆ. ಆದರೂ ಪಂಕ್ತಿ ಬೇರೆ. ಮಂಗಳೂರಿನವರು ಬರೆದರೆ ಕನ್ನಡ ಪ್ರಬಂಧ, ಬಾಟನಿ ಡೌನ್ಸ್‌ನವರು ಬರೆದರೆ ಹೊರನಾಡ ಪ್ರಬಂಧ. ಒಳ್ಳೆಯದಾಗಿದ್ದರೆ ಒಳಗಿನ ಪಂಕ್ತಿಯಲ್ಲೇ ಹಾಕಿ, ಕೆಟ್ಟದ್ದಾಗಿದ್ದರೆ ಎರಡು ಕಡೆಯೂ ಬೇಡ. ಆಟಗಾರನಿಗೆ ಕೇಳುತ್ತಿರುವ ನ್ಯಾಯ ಇಷ್ಟೇ, ಬರಹಗಾರನಿಗೂ ಇಷ್ಟೇ.

ಆದ್ದರಿಂದ ನಮ್ಮ ಬಾಟನಿ ಡೌನ್ಸ್ ಮಿತ್ರರಲ್ಲಿ ಒಂದು ಬಿನ್ನಹ. ಜೋರ್ಡಿಯೋ ಜೋರ್ಡನ್ನೋ ಎಂದು ಧಾರಾಳವಾಗಿ ಜಗಳಾಡಿ. ಕೋಚ್ ಬದಲಿ ಆಟಗಾರರನ್ನು ತಡವಾಗಿ ಇಳಿಸಿದರೆ ಬೈಯಿರಿ, ಅವರಿಗೆ ಸಂಬಳ ಕೊಡುವುದು ಅದಕ್ಕೂ ಸೇರಿಯೇ. ಆದರೆ ಚೆಂಡು ಕೈಜಾರಿದ ಹುಡುಗನ ಹೆಸರು ಹಿಡಿದು ಕೂಗುವ ಮೊದಲು, ಆ ಜಾಗಕ್ಕೆ ಯಾರನ್ನು ಪರಿಗಣಿಸಲೇ ಇಲ್ಲ, ಯಾಕೆ ಪರಿಗಣಿಸಲಿಲ್ಲ ಎಂದು ಕೇಳಿ. ಆ ಪಟ್ಟಿಗೆ ಬೀಗ ಹಾಕಿದವರು ಮೈದಾನದಲ್ಲಿರುವುದಿಲ್ಲ, ಟೈ ಕಟ್ಟಿಕೊಂಡು ಮಂಡಳಿಯ ಕೋಣೆಯಲ್ಲಿರುತ್ತಾರೆ. ಅವರಿಗೆ ಕೇಳುವಂತೆ ಕೂಗಿ. ಮತ್ತೆ ಯಾರಾದರೂ “ದುಡ್ಡಿಗೆ ಹೋದ” ಎಂದರೆ, ಎದ್ದು ಹೋಗಿ ಅವರಿಗೆ ಇನ್ನೊಂದು ಸೌಟು ಬಿಸಿಬೇಳೆಬಾತು ಬಡಿಸಿ, ಮೆಲ್ಲಗೆ ಕೇಳಿ: “ತಾವು ಬಂದದ್ದು ಯಾತಕ್ಕೆ ಸರ್?”